ಮಧುಗಿರಿ ಉಪವಿಭಾಗದಲ್ಲಿ ವಿದ್ಯುತ್ ಕಾರು

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಈ ಬಯಲುಸೀಮೆ ಭಾಗದಲ್ಲಿ ದೇಶದ ದೊಡ್ಡ ಸೌರ ವಿದ್ಯುತ್ ಪಾರ್ಕುಗಳಲ್ಲೊಂದು ಇದೆ. ಬೆಂಗಳೂರು–ಪುಣೆ ಹೆದ್ದಾರಿಯೂ ಇದರ ಮೂಲಕವೇ ಹಾದುಹೋಗುತ್ತದೆ. ಬ್ಯಾಟರಿಯಿಂದ ಓಡುವ ಕಾರು ಇಲ್ಲಿ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಮನೆಯ ಮೀಟರು ಮತ್ತು ವೈರಿಂಗಿನ ಸ್ಥಿತಿ, ಹಾಗೂ ತುಮಕೂರಿಗೋ ಬೆಂಗಳೂರಿಗೋ ಹೋಗಿಬರುವ ದೂರ. ಕಂಪನಿಗಳು ಹೇಳುವ ಮೈಲೇಜು, ಬೆಲೆ ಮತ್ತು ಸೌಲಭ್ಯಗಳನ್ನು ಈ ಎರಡರ ಜೊತೆ ಇಟ್ಟು ನೋಡಿದರೆ ಮಾತ್ರ ಹೋಲಿಕೆ ಅರ್ಥಪೂರ್ಣವಾಗುತ್ತದೆ.

ನೆಲ ಮತ್ತು ದಾರಿ

ಕೊರಟಗೆರೆ ತುಮಕೂರಿನಿಂದ ಸುಮಾರು 27 ಕಿ.ಮೀ., ಮಧುಗಿರಿ ಸುಮಾರು 43 ಕಿ.ಮೀ., ಶಿರಾ ಸುಮಾರು 50 ಕಿ.ಮೀ., ಪಾವಗಡ ಸುಮಾರು 100 ಕಿ.ಮೀ. ದೂರದಲ್ಲಿವೆ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಮಧುಗಿರಿಗೆ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಶಿರಾಕ್ಕೆ ಸುಮಾರು 120, ಪಾವಗಡಕ್ಕೆ ಸುಮಾರು 160 ಕಿ.ಮೀ. ಆಗುತ್ತದೆ. ಶಿರಾ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಹುಳಿಯಾರಿನಿಂದ ಮಧುಗಿರಿ, ಗೌರಿಬಿದನೂರಿಗೆ ಹೋಗುವ ಹೆದ್ದಾರಿಯೂ ಅಲ್ಲಿಯೇ ಕೂಡುತ್ತದೆ. ಕೊರಟಗೆರೆ ಮತ್ತು ಮಧುಗಿರಿಯ ಜನ ಬೆಂಗಳೂರಿಗೆ ಸಾಮಾನ್ಯವಾಗಿ ದಾಬಸ್‌ಪೇಟೆಯ ಮೂಲಕ ಹೋಗುತ್ತಾರೆ. ಬಹುತೇಕ ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದವರಿಗೆ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳೂ ದಿನಬಳಕೆಯ ಊರುಗಳೇ. ಕೊರಟಗೆರೆ ಸಮೀಪದ ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಶನಿಮಹಾತ್ಮ ದೇವಸ್ಥಾನಗಳಿಗೆ ಹೊರಗಿನಿಂದ ಬರುವ ಕಾರುಗಳೂ ಈ ದಾರಿಗಳಲ್ಲಿ ಓಡಾಡುತ್ತವೆ.

ಹಿನ್ನೆಲೆ

ಭಾರತದ ವಿದ್ಯುತ್ ಕಾರಿನ ಕಥೆ ಬೆಂಗಳೂರಿನಿಂದ ಶುರುವಾಗುತ್ತದೆ. ಚೇತನ್ ಮೈನಿ ಅವರ ರೇವಾ ಕಂಪನಿ 2001ರಲ್ಲಿ ಎರಡು ಬಾಗಿಲಿನ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಸೀಸ-ಆಮ್ಲದ ಬ್ಯಾಟರಿಯ ಆ ಕಾರು ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಬೆಂಗಳೂರಿನಿಂದ ಹೊರಟರೆ ದಾಬಸ್‌ಪೇಟೆ ದಾಟಿ ಕೊರಟಗೆರೆ ಮುಟ್ಟುವುದೇ ಅನುಮಾನ. ಮಧುಗಿರಿಯಂತೂ ದೂರದ ಮಾತು. 2010ರಲ್ಲಿ ರೇವಾದ ಬಹುಪಾಲು ಷೇರು ಮಹೀಂದ್ರಕ್ಕೆ ಹೋಯಿತು. 2013ರಲ್ಲಿ ಮಹೀಂದ್ರದ ಇ2ಒ ಕಾರು ಬಂತು. ತಾಲ್ಲೂಕು ಕೇಂದ್ರದ ಕುಟುಂಬವೊಂದು ತನ್ನ ಒಂದೇ ಕಾರನ್ನಾಗಿ ವಿದ್ಯುತ್ ಕಾರನ್ನು ಇಟ್ಟುಕೊಳ್ಳುವ ಯೋಚನೆ ಮಾಡಬಹುದಾದ ಕಾಲ 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಮತ್ತು ಎಂಜಿ ಝಡ್‌ಎಸ್ ಬಂದ ಮೇಲೆಯೇ ತೆರೆದುಕೊಂಡಿತು.

ಕರ್ನಾಟಕ ಸರ್ಕಾರ 2017ರಲ್ಲಿ ವಿದ್ಯುತ್ ವಾಹನ ಮತ್ತು ವಿದ್ಯುತ್ ಸಂಗ್ರಹ ನೀತಿಯನ್ನು ಪ್ರಕಟಿಸಿತು; ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಇದು. ಚಾರ್ಜಿಂಗ್ ವ್ಯವಸ್ಥೆಗೆ ರಾಜ್ಯದ ನೋಡಲ್ ಸಂಸ್ಥೆಯಾಗಿ ಬೆಸ್ಕಾಂ ನೇಮಕವಾಯಿತು. ತುಮಕೂರು ಜಿಲ್ಲೆಗೆ ವಿದ್ಯುತ್ ಪೂರೈಸುವುದೂ ಅದೇ. ಸಾರ್ವಜನಿಕ ಸಾರಿಗೆಯಲ್ಲಿ ಕೆಎಸ್‌ಆರ್‌ಟಿಸಿ 2023ರಲ್ಲಿ ‘ಇವಿ ಪವರ್ ಪ್ಲಸ್’ ಬಸ್ಸುಗಳನ್ನು ಅಂತರಜಿಲ್ಲಾ ಮಾರ್ಗಗಳಿಗೆ ಬಿಟ್ಟಿತು.

ಮಾದರಿಗಳ ಹೋಲಿಕೆ

ಬ್ಯಾಟರಿಯ ಗಾತ್ರವನ್ನು ಕಂಪನಿಗಳು ಕಿಲೋವ್ಯಾಟ್ ಅವರ್‌ನಲ್ಲಿ ಹೇಳುತ್ತವೆ. ಕರೆಂಟ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ ಅದೇ. 45 ಯೂನಿಟ್ಟಿನ ಬ್ಯಾಟರಿ ತುಂಬಲು ಮೀಟರಿನಲ್ಲಿ, ಸೋರಿಕೆಯೂ ಸೇರಿ, ಐವತ್ತರ ಆಸುಪಾಸು ಯೂನಿಟ್ ಓಡುತ್ತದೆ. ಕೆಳಗಿನ ಪಟ್ಟಿಯಲ್ಲಿರುವ ಬೆಲೆ ಬಿಡುಗಡೆಯ ಸಮಯದ ಆರಂಭಿಕ ಎಕ್ಸ್-ಶೋರೂಂ ಬೆಲೆ. ಹಲವು ಮಾದರಿಗಳಲ್ಲಿ ಅದು ಚಿಕ್ಕ ಬ್ಯಾಟರಿಯ ಕಾರಿಗೆ ಅನ್ವಯಿಸುತ್ತದೆ; ದೂರ ಮಾತ್ರ ಆಗಿದ್ದ ದೊಡ್ಡ ಬ್ಯಾಟರಿಯದು.

| ಮಾದರಿ | ವರ್ಷ | ದೊಡ್ಡ ಬ್ಯಾಟರಿ (ಯೂನಿಟ್) | ಪರೀಕ್ಷೆಯ ದೂರ (ಕಿ.ಮೀ.) | ಆರಂಭಿಕ ಬೆಲೆ (ಲಕ್ಷ ರೂ.) |
|---|---|---|---|---|
| ಎಂಜಿ ಕಾಮೆಟ್ | 2023 | 17.3 | 230 | 7.98 |
| ಟಾಟಾ ಟಿಯಾಗೊ | 2022 | 24 | 315 | 8.49 |
| ಟಾಟಾ ಪಂಚ್ | 2024 | 35 | 421 | 10.99 |
| ಎಂಜಿ ವಿಂಡ್ಸರ್ | 2024 | 38 | ಸುಮಾರು 330 | 13.50 |
| ಟಾಟಾ ನೆಕ್ಸಾನ್ 45 | 2024 | 45 | 489 | 13.99 |
| ಹ್ಯುಂಡೈ ಕ್ರೆಟಾ | 2025 | 51.4 | 473 | 17.99 |
| ಮಹೀಂದ್ರ ಬಿಇ 6 | 2024 | 79 | 682 | 18.90 |
| ಟಾಟಾ ಹ್ಯಾರಿಯರ್ | 2025 | 75 | 627 | 21.49 |

ಪರೀಕ್ಷೆಯ ದೂರವನ್ನು ಒಂದಕ್ಕೊಂದು ನೇರವಾಗಿ ಹೋಲಿಸುವಂತಿಲ್ಲ. 35 ಯೂನಿಟ್ಟಿನ ಪಂಚ್ 421 ಕಿ.ಮೀ. ಎಂದರೆ 38 ಯೂನಿಟ್ಟಿನ ವಿಂಡ್ಸರ್ 330 ಎನ್ನುತ್ತದೆ. ಇದಕ್ಕೆ ಕಾರಣ ಪರೀಕ್ಷೆಯ ವಿಧಾನ. ಹಳೆಯ ಕ್ರಮದಲ್ಲಿ ನಗರದ ಓಟವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹೆದ್ದಾರಿಯ ಓಟವನ್ನೂ ಸೇರಿಸುವ ಕ್ರಮ ಬಂದ ಮೇಲೆ ಪಂಚ್‌ನ ಅಂಕಿಯೂ 365ಕ್ಕೆ ಇಳಿಯಿತು. ಖರೀದಿಗೆ ಹೊರಟವರಿಗೆ ಸರಳವಾದ ಲೆಕ್ಕವೊಂದಿದೆ: ಬ್ಯಾಟರಿಯ ಯೂನಿಟ್ಟನ್ನು ಎ.ಸಿ. ಹಾಕಿದ ಹೆದ್ದಾರಿ ಓಟಕ್ಕೆ ಆರರಿಂದ, ಊರೊಳಗಿನ ನಿಧಾನ ಓಡಾಟಕ್ಕೆ ಎಂಟರಿಂದ ಗುಣಿಸಬೇಕು. ಟಿಯಾಗೊದ 24 ಯೂನಿಟ್ ಹೆದ್ದಾರಿಯಲ್ಲಿ ಸುಮಾರು 145 ಕಿ.ಮೀ., ನೆಕ್ಸಾನಿನ 45 ಯೂನಿಟ್ ಸುಮಾರು 270 ಕಿ.ಮೀ., ಬಿಇ 6ರ 79 ಯೂನಿಟ್ ಸುಮಾರು 475 ಕಿ.ಮೀ. ಕೊಡುತ್ತದೆ ಎಂದು ಹಿಡಿದರೆ ನಡುದಾರಿಯಲ್ಲಿ ನಿಲ್ಲುವ ಭಯವಿರುವುದಿಲ್ಲ.

ಪಟ್ಟಿಯ ಹೊರಗೆ ಎರಡು ಕಾರುಗಳು ಈ ಭಾಗಕ್ಕೆ ಮುಖ್ಯ. ಕಿಯಾ 2025ರಲ್ಲಿ ತಂದ ಕ್ಯಾರೆನ್ಸ್ ಕ್ಲಾವಿಸ್ ವಿದ್ಯುತ್ ಮಾದರಿ ಏಳು ಸೀಟಿನದು. ಅದನ್ನು ತಯಾರಿಸುವ ಪೆನುಕೊಂಡದ ಕಾರ್ಖಾನೆ ಪಾವಗಡದ ಪೂರ್ವಕ್ಕೆ, ಗಡಿಯಾಚೆಗೇ ಇದೆ. ಮಾರುತಿಯ ಇ-ವಿಟಾರಾ ತಯಾರಿ 2025ರ ಆಗಸ್ಟಿನಲ್ಲಿ ಗುಜರಾತಿನ ಹಂಸಲ್‌ಪುರದಲ್ಲಿ ಆರಂಭವಾಯಿತು. 49 ಮತ್ತು 61 ಯೂನಿಟ್ಟಿನ ಎರಡು ಬ್ಯಾಟರಿ ಅದಕ್ಕಿವೆ.

ಮನೆಯಲ್ಲಿ ಚಾರ್ಜಿಂಗ್

ಸಣ್ಣ ಪಟ್ಟಣದಲ್ಲಿ ಕಾರು ಸಾಮಾನ್ಯವಾಗಿ ಮನೆಯ ಮುಂದೆಯೇ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಾಯಿಂಟಿಗಾಗಿ ಸಂಘದ ಒಪ್ಪಿಗೆ ಕಾಯುವ ಬೆಂಗಳೂರಿಗರಿಗಿಂತ ಶಿರಾದ, ಮಧುಗಿರಿಯ ಸ್ವಂತ ಮನೆಯವರಿಗೆ ಇದೊಂದು ಅನುಕೂಲ. ಗೀಸರಿಗೆ ಬಳಸುವಂಥ 15 ಆಂಪ್ ಪವರ್ ಪ್ಲಗ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ ಬೆಳಗ್ಗೆ ಸುಮಾರು 180 ಕಿ.ಮೀ. ಹೆದ್ದಾರಿ ಓಟಕ್ಕೆ ಸಿದ್ಧ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ 45 ಯೂನಿಟ್ಟನ್ನು ಆರೇಳು ಗಂಟೆಯಲ್ಲಿ ತುಂಬುತ್ತದೆ. ಆದರೆ ಅದಕ್ಕೆ ಮನೆಯ ಮಂಜೂರಾದ ಲೋಡನ್ನು ಏರಿಸಬೇಕಾಗುತ್ತದೆ; ಒಂದೆರಡು ಕಿಲೋವ್ಯಾಟಿಗೆ ಸಂಪರ್ಕ ಪಡೆದ ಹಳೆಯ ಮನೆಗಳಲ್ಲಿ ಮೀಟರು, ಸರ್ವಿಸ್ ವೈರು ಎರಡೂ ಬದಲಾಗಬೇಕು.

ಮನೆ ಚಾರ್ಜಿಂಗಿನ ದೊಡ್ಡ ತೊಡಕು ಅರ್ಥಿಂಗ್. ಕಾರಿನ ಜೊತೆ ಬರುವ ಚಾರ್ಜರ್ ಮೊದಲು ಅರ್ಥ್ ತಂತಿಯನ್ನು ಪರೀಕ್ಷಿಸಿಕೊಳ್ಳುತ್ತದೆ. ಅದು ಸರಿಯಿಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಚಾರ್ಜನ್ನೇ ನಿರಾಕರಿಸುತ್ತದೆ. ಒಣಗಿದ ನೆಲದಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಸರಿಯಾಗಿದ್ದ ಅರ್ಥಿಂಗ್ ಮಾರ್ಚ್, ಏಪ್ರಿಲ್ ಹೊತ್ತಿಗೆ ಕೈಕೊಡಬಹುದು. ಆಳದ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ಎಲೆಕ್ಟ್ರಿಷಿಯನ್ನರ ಹಳೆಯ ಕ್ರಮ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಚಾರ್ಜಿಂಗ್ ಪಾಯಿಂಟಿಗೆ ಮೀಟರ್ ಬೋರ್ಡಿನಿಂದಲೇ 4 ಚದರ ಮಿ.ಮೀ. ದಪ್ಪದ ತಾಮ್ರದ ವೈರನ್ನು ಪ್ರತ್ಯೇಕವಾಗಿ ಎಳೆದು, ಎಂಸಿಬಿ ಮತ್ತು ಸೋರಿಕೆಯಾದಾಗ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಹಾಕಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಗಂಟೆಗಟ್ಟಲೆ ಚಾರ್ಜ್ ಮಾಡಿದರೆ ಸಾಕೆಟ್ ಕರಗುವ ಅಪಾಯವಿದೆ.

ತೋಟದ ಮನೆಗಳ ಸ್ಥಿತಿ ಬೇರೆ. ಪಂಪ್‌ಸೆಟ್ ಫೀಡರಿನಲ್ಲಿ ತ್ರೀಫೇಸ್ ವಿದ್ಯುತ್ ದಿನಕ್ಕೆ ಕೆಲವೇ ಗಂಟೆ ಬರುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯ ಉಚಿತವಾಗಿ ಕೊಡುವ ವಿದ್ಯುತ್ ನೀರಾವರಿಗೆ ಮಾತ್ರ. ಅದರಿಂದ ಕಾರು ಚಾರ್ಜ್ ಮಾಡುವುದು ದುರ್ಬಳಕೆಯಾಗುತ್ತದೆ.

ವಿದ್ಯುತ್ ದರ ಮತ್ತು ಗೃಹಜ್ಯೋತಿ

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಮನ್ನಾ ಆಗುತ್ತದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ 1,000 ಕಿ.ಮೀ. ಓಡುವ ಕಾರು ಸೋರಿಕೆಯೂ ಸೇರಿ ಸುಮಾರು 165 ಯೂನಿಟ್ ಬೇಡುತ್ತದೆ. ನೂರು ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆ ಅದೇ ಮೀಟರಿಗೆ ಕಾರನ್ನೂ ಹಾಕಿದರೆ 265 ಯೂನಿಟ್ಟಿಗೆ ಬಿಲ್ ಬರುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ಸುಮಾರು 1,600 ರೂ.; ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ.

ಇದಕ್ಕೆ ಪರಿಹಾರ ಪ್ರತ್ಯೇಕ ಮೀಟರು. ವಿದ್ಯುತ್ ವಾಹನ ಚಾರ್ಜಿಂಗಿಗೆಂದೇ ಎಲ್‌ಟಿ-6 ವರ್ಗದಲ್ಲಿ ಬೇರೆ ದರವಿದೆ. 2024ರ ದರ ಆದೇಶದಲ್ಲಿ ಅದು ಯೂನಿಟ್ಟಿಗೆ 4.50 ರೂ. ಇತ್ತು. ಅದೇ 165 ಯೂನಿಟ್ಟಿಗೆ ಇಲ್ಲಿ ಸುಮಾರು 740 ರೂ. ಆಗುತ್ತದೆ, ಮನೆಯ ಗೃಹಜ್ಯೋತಿಯೂ ಉಳಿಯುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಲೀಟರಿಗೆ 103 ರೂ. ದರದಲ್ಲಿ ಅದೇ ಸಾವಿರ ಕಿಲೋಮೀಟರಿಗೆ ಸುಮಾರು 6,900 ರೂ. ಬೇಕು. ಎರಡನೆಯ ಮೀಟರು ಹಾಕಿಸದೆ ಗೃಹಜ್ಯೋತಿ ಕಳೆದುಕೊಂಡರೂ ವಿದ್ಯುತ್ ಕಾರಿನ ಓಟ ಪೆಟ್ರೋಲಿನ ಕಾಲು ಭಾಗದ ಆಸುಪಾಸು ಖರ್ಚಿನಲ್ಲಿ ಮುಗಿಯುತ್ತದೆ. ತಿಂಗಳಿಗೆ ಮುನ್ನೂರು ಕಿ.ಮೀ. ಮಾತ್ರ ಓಡಿಸುವವರಿಗೆ ಈ ಉಳಿತಾಯ ಕಾರಿನ ಹೆಚ್ಚುವರಿ ಬೆಲೆಯನ್ನು ತೀರಿಸಲು ಹಲವು ವರ್ಷ ಹಿಡಿಯುತ್ತದೆ.

ಸಾರ್ವಜನಿಕ ಚಾರ್ಜಿಂಗ್

ವೇಗದ ಡಿಸಿ ಚಾರ್ಜರ್‌ಗಳು ಹೆದ್ದಾರಿ 48ಕ್ಕೆ ಅಂಟಿಕೊಂಡು ಪೆಟ್ರೋಲ್ ಬಂಕು, ಹೋಟೆಲುಗಳ ಆವರಣದಲ್ಲಿ ಬೆಳೆದಿವೆ. ಹೆದ್ದಾರಿ ಬಿಟ್ಟು ಒಳಗೆ ಹೋದಂತೆ ವಿರಳವಾಗುತ್ತವೆ. ಇವುಗಳಲ್ಲಿ ಈಗಿನ ಬಹುತೇಕ ಕಾರುಗಳಿಗೆ ಹೊಂದುವ ಸಿಸಿಎಸ್-2 ಎಂಬ ಪ್ಲಗ್ ಇರುತ್ತದೆ. ಕಾಮೆಟ್‌ನಂಥ ಪುಟ್ಟ ಕಾರು ಮೂಲತಃ ನಿಧಾನ ಚಾರ್ಜಿಂಗಿಗೆ ಮಾತ್ರ ಬಂದದ್ದರಿಂದ ಹೆದ್ದಾರಿಯ ವೇಗದ ಚಾರ್ಜರ್ ಅದಕ್ಕೆ ಉಪಯೋಗವಿಲ್ಲ. 30 ಕಿಲೋವ್ಯಾಟ್ ಯಂತ್ರದಲ್ಲಿ 45 ಯೂನಿಟ್ಟಿನ ಬ್ಯಾಟರಿ ಶೇ. 10ರಿಂದ 80ಕ್ಕೆ ಏರಲು ಒಂದು ಗಂಟೆಗೂ ತುಸು ಹೆಚ್ಚು ಸಮಯ ಬೇಕು. 60 ಕಿಲೋವ್ಯಾಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಆಗುತ್ತದೆ. ಬಿಇ 6ರ 79 ಯೂನಿಟ್ಟಿನ ಮಾದರಿ 175 ಕಿಲೋವ್ಯಾಟ್‌ವರೆಗೆ ಸ್ವೀಕರಿಸಿ 20 ನಿಮಿಷದಲ್ಲಿ ಶೇ. 20ರಿಂದ 80 ಮುಟ್ಟುತ್ತದೆ ಎಂದು ಕಂಪನಿ ಹೇಳುತ್ತದೆ. ಅಷ್ಟು ಶಕ್ತಿಯ ಯಂತ್ರ ಎದುರಿಗಿದ್ದರೆ ಮಾತ್ರ ಆ ವೇಗ. ಶೇ. 80 ದಾಟಿದ ಮೇಲೆ ಎಲ್ಲ ಕಾರುಗಳೂ ನಿಧಾನವಾಗುತ್ತವೆ. ಹಿಂದೆ ಸರದಿ ಇದ್ದಾಗ ಅಲ್ಲಿಗೇ ತೆಗೆಯುವುದು ವಾಡಿಕೆ.

ಸಾರ್ವಜನಿಕ ಚಾರ್ಜಿಂಗಿಗೆ ಶೇ. 18 ಜಿಎಸ್‌ಟಿ ಇದೆ. ಎಲ್ಲ ಸೇರಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ಆದರೆ ಹೆದ್ದಾರಿಯಲ್ಲಿ ಕಿಲೋಮೀಟರಿಗೆ ಮೂರು ರೂಪಾಯಿ ದಾಟುತ್ತದೆ. ಎಲ್‌ಟಿ-6 ದರದ ಮನೆ ಚಾರ್ಜಿಂಗಿಗೆ ಹೋಲಿಸಿದರೆ ಇದು ನಾಲ್ಕು ಪಟ್ಟಿಗೂ ಹೆಚ್ಚು. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಹೊರಡುವ ಮುನ್ನವೇ ಆ್ಯಪ್ ಹಾಕಿಕೊಂಡು ದುಡ್ಡು ತುಂಬಿಟ್ಟುಕೊಂಡರೆ ನೆಟ್‌ವರ್ಕ್ ಸಿಗದ ಜಾಗದಲ್ಲಿ ಪರದಾಟ ತಪ್ಪುತ್ತದೆ. ಬೆಸ್ಕಾಂನ ‘ಇವಿ ಮಿತ್ರ’ ಆ್ಯಪ್‌ನಲ್ಲಿ ಅದರ ಕೇಂದ್ರಗಳ ವಿವರ ಸಿಗುತ್ತದೆ.

ಖರೀದಿ, ತೆರಿಗೆ, ವಿಮೆ

ವಿದ್ಯುತ್ ವಾಹನಗಳ ಜಿಎಸ್‌ಟಿ 2019ರ ಆಗಸ್ಟಿನಲ್ಲಿ ಶೇ. 12ರಿಂದ 5ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿಯೂ ಶೇ. 28ರಿಂದ 18ಕ್ಕೆ ಇಳಿದದ್ದರಿಂದ ಎರಡರ ನಡುವಿನ ತೆರಿಗೆಯ ಅಂತರ ಕಿರಿದಾಗಿದೆ. ರಾಜ್ಯದ ಆಜೀವ ತೆರಿಗೆ 10ರಿಂದ 20 ಲಕ್ಷ ರೂ. ಬೆಲೆಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 17ರಷ್ಟಿದ್ದು, ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. 2024ರ ತಿದ್ದುಪಡಿಯಲ್ಲಿ 25 ಲಕ್ಷ ರೂ. ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10 ತೆರಿಗೆ ಬಂತು. ಇಂಥ ರಿಯಾಯಿತಿಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥವು. ಬುಕಿಂಗಿಗೆ ಮುನ್ನ ಮಧುಗಿರಿಯ ಆರ್‌ಟಿಒ ಕಚೇರಿಯಲ್ಲಿ ಆ ತಿಂಗಳ ದರ ಕೇಳುವುದು ಒಳ್ಳೆಯದು. ಅಲ್ಲಿನ ನೋಂದಣಿ ಸಂಕೇತ ಕೆಎ-64.

ಎಂಜಿ ವಿಂಡ್ಸರ್ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ತಂದಿತು: ಬಿಡುಗಡೆಯ ಸಮಯದಲ್ಲಿ ಕಾರಿಗೆ 9.99 ಲಕ್ಷ ರೂ., ಮೇಲೆ ಕಿಲೋಮೀಟರಿಗೆ 3.50 ರೂ. ಬ್ಯಾಟರಿ ಸಮೇತ ಕೊಂಡರೆ 13.50 ಲಕ್ಷ. ವ್ಯತ್ಯಾಸದ ಮೂರೂವರೆ ಲಕ್ಷ ರೂಪಾಯಿ ಒಂದು ಲಕ್ಷ ಕಿಲೋಮೀಟರಿನ ಬಾಡಿಗೆಗೆ ಸಮ. ದಿನವೂ ತುಮಕೂರಿಗೆ ಓಡಾಡುವವರಿಗೆ ಕೊಳ್ಳುವುದೇ ಲೇಸು. ಅಪರೂಪಕ್ಕೆ ಓಡಿಸುವವರಿಗೆ ಬಾಡಿಗೆ ಹಗುರ.

ಖಾಸಗಿ ವಿದ್ಯುತ್ ಕಾರಿನ ನಂಬರ್ ಪ್ಲೇಟು ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ, ಬಾಡಿಗೆ ಕಾರಿನದು ಹಳದಿ ಅಕ್ಷರ. ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕಿಲ್ಲ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ಪರ್ಮಿಟ್ ವಿನಾಯಿತಿ ನೀಡಿತು. ಆಂಧ್ರದ ಊರುಗಳಿಗೆ ಬಾಡಿಗೆ ಹೊಡೆಯುವ ಪಾವಗಡದ ಚಾಲಕರಿಗೆ ಇದು ಗಮನಿಸಬೇಕಾದ ಅಂಶ. 2022ರ ನಿಯಮದಂತೆ ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ. 15 ರಿಯಾಯಿತಿಯೂ ಇದೆ.

ಬ್ಯಾಟರಿ ಮತ್ತು ಬಿಸಿಲು

ಲಿಥಿಯಂ ಬ್ಯಾಟರಿಗೆ ವಿಪರೀತ ಬಿಸಿ ಆಗದು. ಟಾಟಾ, ಮಹೀಂದ್ರ ಬಿಇ 6, ಎಂಜಿ ವಿಂಡ್ಸರ್ ಕಾರುಗಳಲ್ಲಿರುವ ಎಲ್‌ಎಫ್‌ಪಿ ಬ್ಯಾಟರಿ ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ, ಹೆಚ್ಚು ಸಲ ಚಾರ್ಜ್ ಆಗುತ್ತದೆ; ಕ್ರೆಟಾದಲ್ಲಿರುವ ಎನ್‌ಎಂಸಿ ಬ್ಯಾಟರಿ ಅದೇ ತೂಕದಲ್ಲಿ ಹೆಚ್ಚು ವಿದ್ಯುತ್ ಹಿಡಿಸುತ್ತದೆ. ಎಲ್‌ಎಫ್‌ಪಿಯನ್ನು ಆಗಾಗ ಪೂರ್ತಿ ತುಂಬಿಸಿದರೆ ಶೇಕಡಾವಾರು ಅಳತೆ ಸರಿಯಾಗಿ ತೋರುತ್ತದೆ. ಎನ್‌ಎಂಸಿಯನ್ನು ದಿನಬಳಕೆಗೆ ಶೇ. 80ಕ್ಕೆ ನಿಲ್ಲಿಸುವುದು ರೂಢಿ. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿ ಬಂದ ಕಾರನ್ನು ತಕ್ಷಣ ಡಿಸಿ ಚಾರ್ಜಿಗೆ ಹಾಕಿದರೆ ಬ್ಯಾಟರಿ ತಣ್ಣಗಾಗುವವರೆಗೆ ಅದು ನಿಧಾನವಾಗಿಯೇ ತುಂಬುತ್ತದೆ. ಮನೆಯಲ್ಲಿ ನೆರಳಿನ ಶೀಟು, ಚಾರ್ಜಿಗೆ ರಾತ್ರಿಯ ಹೊತ್ತು, ಇವೆರಡು ಈ ಸೀಮೆಗೆ ಸಾಕಾಗುವ ಎಚ್ಚರಿಕೆ. ಹೆಚ್ಚಿನ ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಬ್ಯಾಟರಿ ವಾರಂಟಿ ಕೊಡುತ್ತವೆ. ವಿಂಡ್ಸರ್ ಮತ್ತು ಬಿಇ 6ರಂಥ ಮಾದರಿಗಳು ಮೊದಲ ಮಾಲೀಕರಿಗೆ ಜೀವಿತಾವಧಿ ವಾರಂಟಿ ಘೋಷಿಸಿವೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ‘ಮೊದಲ ಮಾಲೀಕ’ ಎಂಬ ಷರತ್ತನ್ನು ಓದಲೇಬೇಕು.

ಸೌಲಭ್ಯ, ಸುರಕ್ಷತೆ, ದುರಸ್ತಿ

ದೊಡ್ಡ ಪರದೆ, ಸನ್‌ರೂಫುಗಳಿಗಿಂತ ಹಳ್ಳಿಯ ರಸ್ತೆಯಲ್ಲಿ ಲೆಕ್ಕಕ್ಕೆ ಬರುವುದು ನೆಲದಿಂದ ಕಾರಿನ ಎತ್ತರ. ಬ್ಯಾಟರಿ ಕೆಳಗೇ ಇರುವುದರಿಂದ ಎತ್ತರದ ಹಂಪುಗಳಲ್ಲಿ ಜೋಪಾನ ಬೇಕು. ಪಂಚ್‌ನ ಎತ್ತರ 190 ಮಿ.ಮೀ. ಬಿಇ 6ರಂಥ ಕೆಲವು ಮಾದರಿಗಳಲ್ಲಿ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಮುಳ್ಳುಕಂಟಿಯ ದಾರಿಯಲ್ಲಿ ಓಡಾಡುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ನೆಕ್ಸಾನ್, ಹ್ಯಾರಿಯರ್, ಕ್ರೆಟಾ ಮೊದಲಾದವುಗಳಲ್ಲಿ ಕಾರಿನ ಬ್ಯಾಟರಿಯಿಂದ ಹೊರಗಿನ ಉಪಕರಣಗಳಿಗೆ ವಿದ್ಯುತ್ ಕೊಡುವ ಸೌಲಭ್ಯವಿದೆ. ಕರೆಂಟ್ ಹೋದ ರಾತ್ರಿ ಮನೆಯ ದೀಪ, ಫ್ಯಾನು, ಫ್ರಿಜ್ ನಡೆಸಲು ಅದು ಸಾಕು. 2024ರ ಭಾರತ್ ಎನ್‌ಸಿಎಪಿ ಸುರಕ್ಷತಾ ಪರೀಕ್ಷೆಯಲ್ಲಿ ಪಂಚ್ ಮತ್ತು ನೆಕ್ಸಾನ್ ವಿದ್ಯುತ್ ಕಾರುಗಳು ಐದು ನಕ್ಷತ್ರ ಪಡೆದವು. 2025ರ ಜನವರಿಯಲ್ಲಿ ಬಿಇ 6ಕ್ಕೂ ಐದು ಬಂದವು.

ಎಂಜಿನ್ ಆಯಿಲ್, ಕ್ಲಚ್‌ಗಳಿಲ್ಲದ್ದರಿಂದ ಸರ್ವಿಸ್ ಖರ್ಚು ಕಡಿಮೆ. ಬ್ರೇಕು, ಸಸ್ಪೆನ್ಷನ್, ಟೈರಿನ ಕೆಲಸವನ್ನು ಊರಿನ ಮೆಕ್ಯಾನಿಕ್ ಮಾಡಬಲ್ಲ. ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಹರಿಯುವುದರಿಂದ ಅವುಗಳಿಗೆ ತರಬೇತಾದವರು ಮಾತ್ರ ಕೈ ಹಾಕಬೇಕು. ಅಂಥವರು ಸಿಗುವ ಅಧಿಕೃತ ವರ್ಕ್‌ಶಾಪ್‌ಗಳು ಹೆಚ್ಚಾಗಿ ತುಮಕೂರು, ಬೆಂಗಳೂರಿನಲ್ಲಿವೆ. ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ಕಾರು ಎಚ್ಚರವೇ ಆಗುವುದಿಲ್ಲ ಎಂಬುದು ಹೊಸ ಮಾಲೀಕರಿಗೆ ಗೊತ್ತಿರಬೇಕಾದ ಸಂಗತಿ.

ಸೌರ ವಿದ್ಯುತ್ತಿನ ನಂಟು

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ‘ಶಕ್ತಿಸ್ಥಳ’ ಸೌರ ಪಾರ್ಕ್ ಹರಡಿದೆ. ರೈತರಿಂದ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂ. ಆರಂಭಿಕ ದರದಲ್ಲಿ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪಾರ್ಕ್ 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ಪೂರ್ಣ ಸಾಮರ್ಥ್ಯದ ಒಂದು ಗಂಟೆಯ ಉತ್ಪಾದನೆ 20.5 ಲಕ್ಷ ಯೂನಿಟ್; ಸೋರಿಕೆ ಲೆಕ್ಕಿಸದಿದ್ದರೆ 45 ಯೂನಿಟ್ಟಿನ ಬ್ಯಾಟರಿಯ ಸುಮಾರು 45,000 ಕಾರುಗಳಿಗೆ ಸಾಕಾಗುವಷ್ಟು. ಆದರೆ ಈ ವಿದ್ಯುತ್ ಹೈಟೆನ್ಷನ್ ಲೈನಿನಲ್ಲಿ ಗ್ರಿಡ್ ಸೇರುತ್ತದೆ. ಪಾವಗಡದ ಮನೆಗೆ ಬರುವುದು ಅದೇ ಬೆಸ್ಕಾಂ ಲೈನು, ಅದೇ ದರ.

ಮನೆಯ ಮಟ್ಟದಲ್ಲಿ ಸೌರಶಕ್ತಿ ಬೇಕೆಂದರೆ ಚಾವಣಿ ಫಲಕವೇ ದಾರಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂ. ಸಹಾಯಧನವಿದೆ. ಅಷ್ಟು ಫಲಕ ದಿನಕ್ಕೆ ಸರಾಸರಿ 12 ಯೂನಿಟ್ ಕೊಟ್ಟರೆ ದಿನಕ್ಕೆ 70 ಕಿ.ಮೀ. ಓಟಕ್ಕೆ ಸಾಕಾಗುತ್ತದೆ. ಬಿಸಿಲಿನ ಹೊತ್ತಿನಲ್ಲಿ ಕಾರು ಕಚೇರಿ, ಅಂಗಡಿಯ ಮುಂದೆ ನಿಂತಿರುತ್ತದಾದ್ದರಿಂದ ಹಗಲಿನ ಉತ್ಪಾದನೆಯನ್ನು ಗ್ರಿಡ್ಡಿಗೆ ಕೊಟ್ಟು ರಾತ್ರಿ ಪಡೆಯುವ ನೆಟ್ ಮೀಟರಿಂಗ್ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ತಾಲ್ಲೂಕುವಾರು ಹೊಂದಿಕೆ

ಕೊರಟಗೆರೆಯಿಂದ ತುಮಕೂರಿಗೆ ಹೋಗಿಬರಲು 55 ಕಿ.ಮೀ. ಸಾಕು, 24 ಯೂನಿಟ್ಟಿನ ಕಾರು, 15 ಆಂಪ್ ಪ್ಲಗ್ ಇದ್ದರೆ ಬೇರೇನೂ ಬೇಡ. ಮಧುಗಿರಿಯಿಂದ ಬೆಂಗಳೂರಿಗೆ ಹೋಗಿಬರುವ 210 ಕಿ.ಮೀ.ಗೆ 35 ಯೂನಿಟ್ ಅಂಚಿನಲ್ಲಿ ನಿಲ್ಲುತ್ತದೆ, 45 ಯೂನಿಟ್ ನಿಶ್ಚಿಂತೆ. ಶಿರಾದವರಿಗೆ 240 ಕಿ.ಮೀ. ಆದರೂ ಹೆದ್ದಾರಿಯ ಚಾರ್ಜರ್ ಬೆನ್ನಿಗಿದೆ. ಪಾವಗಡದಿಂದ ಬೆಂಗಳೂರಿಗೆ ಹೋಗಿಬರುವ 320 ಕಿ.ಮೀ.ಗೆ 51 ಯೂನಿಟ್ ಕೂಡ ಸಾಲದು. ಅಲ್ಲಿನವರು 60 ಯೂನಿಟ್ಟಿಗೂ ಮೇಲ್ಪಟ್ಟ ದುಬಾರಿ ಕಾರು ಕೊಳ್ಳಬೇಕು, ಇಲ್ಲವೇ ಬೆಂಗಳೂರಿನಲ್ಲಿ ಒಮ್ಮೆ ಚಾರ್ಜ್ ಮಾಡಿಕೊಂಡು ಹೊರಡಬೇಕು. ಸೂರ್ಯನ ಬೆಳಕಿನಿಂದ ಅತಿ ಹೆಚ್ಚು ವಿದ್ಯುತ್ ತೆಗೆಯುವ ತಾಲ್ಲೂಕೇ ವಿದ್ಯುತ್ ಕಾರಿಗೆ ಅತಿ ಹೆಚ್ಚು ಬೆಲೆ ತೆರಬೇಕಾದ ಸ್ಥಿತಿ ಇದು.

ಈ ಕೊರತೆಗೆ ಕಾರು ಕಂಪನಿಗಳಲ್ಲಿ ಉತ್ತರವಿಲ್ಲ. ಹಳ್ಳಿಗಳಲ್ಲಿ ಕಾಣುವ 63 ಕೆವಿಎ ಟ್ರಾನ್ಸ್‌ಫಾರ್ಮರನ್ನು ಒಂದೇ 60 ಕಿಲೋವ್ಯಾಟ್ ಚಾರ್ಜರ್ ಪೂರ್ತಿ ನುಂಗುತ್ತದೆ. ಆದ್ದರಿಂದ ಇಂಥ ಕೇಂದ್ರಕ್ಕೆ ಸ್ವಂತ ಟ್ರಾನ್ಸ್‌ಫಾರ್ಮರು ಬೇಕು, ದಿನಕ್ಕೆ ನಾಲ್ಕೈದು ಕಾರು ಬರುವ ಜಾಗದಲ್ಲಿ ಆ ಬಂಡವಾಳ ಖಾಸಗಿಯವರಿಗೆ ಗಿಟ್ಟುವುದಿಲ್ಲ. ಹೆದ್ದಾರಿಗಳಲ್ಲಿ 2030ರ ವೇಳೆಗೆ 20 ಕಿ.ಮೀ.ಗೊಂದು ಕೇಂದ್ರವಿರಬೇಕೆಂದು 2024ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಅದೇ ವರ್ಷ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ 2,000 ಕೋಟಿ ರೂ. ಇಟ್ಟಿದ್ದಾರೆ. ಈ ಹಣದಲ್ಲಿ ಮಧುಗಿರಿ–ಪಾವಗಡ ದಾರಿಗೆ ಎರಡು ವೇಗದ ಚಾರ್ಜರ್ ಬಂದರೆ, 35 ಯೂನಿಟ್ಟಿನ ಅಗ್ಗದ ಕಾರೂ ಪಾವಗಡದ ಮನೆಗಳಿಗೆ ಸಾಕಾಗುತ್ತದೆ.